ಮಗುವಿನ ದೀಕ್ಷಾಸ್ನಾನ, ಹಿರಿಯರ ಸಿದ್ಧತೆ

ಕಥೋಲಿಕ ಧರ್ಮಸಭೆಯ ಏಳು ಸಂಸ್ಕಾರಗಳಲ್ಲಿ ಮೊದಲನೆಯದು ದೀಕ್ಷಾಸ್ನಾನ. ಉಳಿದ ಆರಕ್ಕೂ ಅದೇ ಬಾಗಿಲು. ವಯಸ್ಕರು ಅದನ್ನು ಪಡೆಯಬೇಕಾದರೆ ತಿಂಗಳುಗಟ್ಟಲೆ ಧರ್ಮೋಪದೇಶ ಕೇಳಿ, ತಮ್ಮ ವಿಶ್ವಾಸವನ್ನು ತಾವೇ ಬಾಯಿಬಿಟ್ಟು ಹೇಳಬೇಕು. ಹಸುಗೂಸಿಗೆ ಕೇಳಿದ್ದು ತಿಳಿಯದು, ಹೇಳಲು ಬಾರದು. ಹಾಗಾಗಿ ಸಿದ್ಧರಾಗಬೇಕಾದವರು ಅದನ್ನು ಎತ್ತಿಕೊಂಡು ಬರುವವರು.

ಮಾತು ಬಾರದ ಮಗುವಿಗೆ ಈ ಸಂಸ್ಕಾರ ಕೊಡಬಹುದೇ ಎಂಬ ಪ್ರಶ್ನೆ ಹಳೆಯದು. ಕ್ರಿ.ಶ. 200ರ ಆಸುಪಾಸಿನಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ತೆರ್ತುಲಿಯನ್, ಮಕ್ಕಳ ವಿಷಯದಲ್ಲಿ ತಡ ಮಾಡುವುದೇ ಲೇಸೆಂದು ವಾದಿಸಿದರು. ಮಗುವಿನ ಪರವಾಗಿ ಮಾತು ಕೊಡುವವರ ಬಗ್ಗೆಯೂ ಅವರಿಗೆ ಅಳುಕಿತ್ತು: ಕೊಟ್ಟ ಮಾತು ಈಡೇರುವ ಮುನ್ನವೇ ಅವರು ಸಾಯಬಹುದು, ಮಗು ದಾರಿ ತಪ್ಪಿ ಬೆಳೆಯಲೂಬಹುದು. ಅರ್ಧ ಶತಮಾನದ ಬಳಿಕ, 253ರ ಸುಮಾರಿಗೆ, ಅದೇ ಕಾರ್ಥೇಜಿನಲ್ಲಿ ಸಂತ ಸಿಪ್ರಿಯನ್ನರ ಮುಂದಾಳತ್ವದಲ್ಲಿ ಸೇರಿದ 66 ಧರ್ಮಾಧ್ಯಕ್ಷರ ಸಭೆ ಇದಕ್ಕೆ ವಿರುದ್ಧವಾದ ನಿಲುವು ತಳೆಯಿತು. ಸುನ್ನತಿಯಂತೆ ಎಂಟನೆಯ ದಿನದವರೆಗೆ ಕಾಯುವುದೂ ಬೇಡ, ಹುಟ್ಟಿದ ಯಾರಿಗೂ ದೇವರ ಕೃಪೆಯನ್ನು ತಡೆಯಬಾರದು ಎಂದಿತು. ಧರ್ಮಸಭೆ ಹಿಡಿದದ್ದು ಈ ದಾರಿಯನ್ನೇ. ಕೃಪೆ ಯೋಗ್ಯತೆ ನೋಡಿ ಕೊಡುವ ಕೂಲಿಯಲ್ಲ. ಏನನ್ನೂ ಗಳಿಸದ ಮಗುವಿಗೆ ಅದು ಸಿಗುವಾಗ ಈ ಮಾತು ಕಣ್ಣಿಗೆ ಕಟ್ಟುತ್ತದೆ. ಆದರೂ ತೆರ್ತುಲಿಯನ್ನರ ಅಳುಕು ಹುರುಳಿಲ್ಲದ್ದಲ್ಲ. ಇಂದಿನ ಸಿದ್ಧತೆಯ ಕ್ರಮವನ್ನು ಆ ಅಳುಕಿಗೆ ಕೊಟ್ಟ ಉತ್ತರವೆಂದೇ ಓದಬಹುದು.

ಹಿಂದಿನ ಲತೀನ್ ವಿಧಿಯಲ್ಲಿ ಗುರುಗಳು ಪ್ರಶ್ನಿಸುತ್ತಿದ್ದುದು ಮಗುವನ್ನೇ. ಸೈತಾನನನ್ನು ತ್ಯಜಿಸುವೆಯಾ, ದೀಕ್ಷಾಸ್ನಾನ ಬೇಕೆ ಎಂದಾಗ ಜ್ಞಾನತಂದೆ, ಜ್ಞಾನತಾಯಿ ಮಗುವಿನ ಬಾಯಾಗಿ ಉತ್ತರಿಸುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ಆಶಯದಂತೆ ಮಕ್ಕಳಿಗೆಂದೇ ರೂಪಿಸಿದ ವಿಧಿ 1969ರಲ್ಲಿ ಪ್ರಕಟವಾಯಿತು. ಅಲ್ಲಿ ಪ್ರಶ್ನೆ ಹೆತ್ತವರ ಕಡೆಗೆ ತಿರುಗಿತು. ಮಗುವಿನ ಹೆಸರೇನು, ಧರ್ಮಸಭೆಯಿಂದ ಏನನ್ನು ಬಯಸುತ್ತೀರಿ, ಅದನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆಯ ಅರಿವಿದೆಯೇ ಎಂದು ಅವರನ್ನು ಕೇಳಲಾಗುತ್ತದೆ. ವಿಶ್ವಾಸವನ್ನು ಸಾರುವಾಗ ಅವರೂ ಜ್ಞಾನತಂದೆ, ಜ್ಞಾನತಾಯಿಯೂ ತಮ್ಮ ಸ್ವಂತ ವಿಶ್ವಾಸವನ್ನೇ ನುಡಿಯುತ್ತಾರೆ. ಇದು ಬಹಳ ದೊಡ್ಡ ಬದಲಾವಣೆ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಸಂಸ್ಕಾರ ಮುಗಿಯುತ್ತಿದ್ದ ಕಾಲದಲ್ಲಿ ತಾಯಿ ಇನ್ನೂ ಬಾಣಂತಿಯಾಗಿ ಮನೆಯಲ್ಲೇ ಉಳಿದುಬಿಡುತ್ತಿದ್ದಳು. ಹೊಸ ವಿಧಿ ಅವಳ ಆರೋಗ್ಯ ನೋಡಿಕೊಂಡು, ಅವಳೂ ಇರುವಂತೆ ದಿನ ಗೊತ್ತುಮಾಡಲು ಹೇಳುತ್ತದೆ.

1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ, ಮಗುವಿಗೆ ಮೊದಲ ಕೆಲವು ವಾರಗಳಲ್ಲೇ ದೀಕ್ಷಾಸ್ನಾನವಾಗುವಂತೆ ನೋಡಿಕೊಳ್ಳುವುದು ಹೆತ್ತವರ ಕರ್ತವ್ಯ. ಮಗು ಹುಟ್ಟಿದ ಕೂಡಲೇ, ಹುಟ್ಟುವ ಮೊದಲೇ ಆದರೂ ಸರಿ, ಅವರು ಧರ್ಮಕೇಂದ್ರದ ಗುರುಗಳನ್ನು ಕಾಣಬೇಕು. ಗುರುಗಳು ಸಂಸ್ಕಾರದ ಅರ್ಥವನ್ನೂ ಅದರ ಹೊಣೆಯನ್ನೂ ತಿಳಿಸಿಕೊಡುತ್ತಾರೆ. ತಂದೆ ತಾಯಿಯರಲ್ಲಿ ಒಬ್ಬರಾದರೂ ಒಪ್ಪಿರಬೇಕು. ಮಗು ಕಥೋಲಿಕ ವಿಶ್ವಾಸದಲ್ಲಿ ಬೆಳೆದೀತೆಂಬ ಆಧಾರವುಳ್ಳ ಭರವಸೆ ಇರಬೇಕು. ಆ ಭರವಸೆ ತೀರ ಇಲ್ಲದಿದ್ದರೆ ಕಾರಣ ಹೇಳಿ ಸಂಸ್ಕಾರವನ್ನು ಮುಂದೂಡಬಹುದು. ಮುಂದೂಡುವುದೆಂದರೆ ನಿರಾಕರಿಸುವುದಲ್ಲ. ಇದನ್ನು ತಿಳಿಸಿ ಹೇಳುವ ತಾಳ್ಮೆ ಗುರುಗಳಿಗಿರಬೇಕು. ಇಲ್ಲವಾದರೆ ಅಳುಕುತ್ತ ಬಂದ ಕುಟುಂಬ ಮತ್ತೆ ಹೊಸ್ತಿಲು ತುಳಿಯದೆ ಹೋಗಬಹುದು.

ಜ್ಞಾನತಂದೆ ಅಥವಾ ಜ್ಞಾನತಾಯಿ ಒಬ್ಬರೇ ಇದ್ದರೂ ಸಾಕು, ಇಬ್ಬರೂ ಇರಬಹುದು. ಅವರು ಸಾಮಾನ್ಯವಾಗಿ 16 ವರ್ಷ ತುಂಬಿದ, ದೃಢೀಕರಣ ಮತ್ತು ಪರಮಪ್ರಸಾದ ಪಡೆದ ಕಥೋಲಿಕರಾಗಿರಬೇಕು. ಹೆತ್ತವರೇ ಆ ಸ್ಥಾನದಲ್ಲಿ ನಿಲ್ಲುವಂತಿಲ್ಲ. ನೆಂಟಸ್ತಿಕೆಯ ಮರ್ಯಾದೆಗೆಂದು ಯಾರನ್ನೋ ಆರಿಸುವುದುಂಟು. ಆದರೆ ಮಗುವಿನ ವಿಶ್ವಾಸಕ್ಕೆ ವರ್ಷಗಟ್ಟಲೆ ಜೊತೆಯಾಗಬಲ್ಲವರು ಬೇಕು. ಹೆಸರಿನ ವಿಷಯದಲ್ಲಿ 1917ರ ಸಂಹಿತೆ, ಹೆತ್ತವರು ಕ್ರೈಸ್ತ ಹೆಸರಿಡದಿದ್ದರೆ ಗುರುಗಳೇ ಸಂತರೊಬ್ಬರ ಹೆಸರು ಸೇರಿಸಬೇಕೆಂದಿತ್ತು. ಈಗ ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರದಿದ್ದರೆ ಸಾಕು. ಕನ್ನಡನಾಡಿನಲ್ಲಿ ಜ್ಯೋತಿ, ಪ್ರಕಾಶ ಎಂಬ ಹೆಸರುಗಳೇ ಸಲ್ಲುತ್ತವೆ.

ಸಂಸ್ಕಾರಕ್ಕೆ ಭಾನುವಾರ ಅಥವಾ ಪಾಸ್ಖ ಜಾಗರಣೆಯ ರಾತ್ರಿ ಪ್ರಶಸ್ತ. ಹಣೆಗೆ ಶಿಲುಬೆಯ ಗುರುತು, ನೀರು, ನೆತ್ತಿಗೆ ಪವಿತ್ರ ತೈಲ, ಬಿಳಿ ಬಟ್ಟೆ, ಪಾಸ್ಖ ದೀಪದಿಂದ ಹೊತ್ತಿಸಿದ ಮೇಣದಬತ್ತಿ ಎಂಬ ಗುರುತುಗಳನ್ನು ಹೆತ್ತವರು ಮೊದಲೇ ಅರಿತಿದ್ದರೆ ವಿಧಿ ಬರಿಯ ನೋಟವಾಗಿ ಉಳಿಯದು. ಸಾಯುವ ಸ್ಥಿತಿಯಲ್ಲಿರುವ ಮಗುವಿಗೆ ಈ ಯಾವ ಕಾಯುವಿಕೆಯೂ ಇಲ್ಲ. ಗುರುಗಳು ಸಿಗದಿದ್ದರೆ ಸರಿಯಾದ ಉದ್ದೇಶವುಳ್ಳ ಯಾರೇ ಆಗಲಿ, ನರ್ಸ್ ಕೂಡ, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನೀರು ಸುರಿದು ದೀಕ್ಷಾಸ್ನಾನ ಕೊಡಬಹುದು.

ಕೊನೆಗೆ ಮಗುವಿನ, ಹೆತ್ತವರ, ಜ್ಞಾನತಂದೆ ತಾಯಿಯರ ಹೆಸರುಗಳು ಧರ್ಮಕೇಂದ್ರದ ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು ಸೇರುತ್ತವೆ. ಮುಂದೆ ಆಗುವ ದೃಢೀಕರಣ, ಮದುವೆ, ಗುರುದೀಕ್ಷೆಗಳನ್ನೂ ಅದೇ ಪುಸ್ತಕದಲ್ಲಿ ಆ ಹೆಸರಿನೊಂದಿಗೇ ಬರೆದಿಡಲಾಗುತ್ತದೆ.