ಬದುಕಿದ್ದವಳಿಗೆ ಶ್ರಾದ್ಧ

ಉಸಿರಾಡುತ್ತಿರುವ ಮಗಳಿಗೆ ಹೆತ್ತ ತಂದೆಯೇ ಶ್ರಾದ್ಧ ಮಾಡಿ ಮುಗಿಸುತ್ತಾನೆ. ತಲೆ ಬೋಳಿಸಿಕೊಂಡ ಯಮುನಾ ಅಂದಿನಿಂದ ಊರಿನ ಪಾಲಿಗೆ ಸತ್ತವಳು. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ತೆರೆಗೆ ತಂದ ‘ಘಟಶ್ರಾದ್ಧ’ ಅವರ ಮೊದಲ ಕಥಾಚಿತ್ರ. ಸ್ವರ್ಣಕಮಲ ಪಡೆದ ಈ ಚಿತ್ರ ಧರ್ಮಕ್ಕೇ ಒಂದು ಪ್ರಶ್ನೆ ಹಾಕುತ್ತದೆ: ಒಬ್ಬ ವ್ಯಕ್ತಿ ಇದ್ದಾಳೋ ಇಲ್ಲವೋ ಎಂದು ತೀರ್ಮಾನಿಸುವ ಹಕ್ಕು ಯಾರದು?

ಯಮುನಾ ವಿಧವೆ, ವೇದಪಾಠಶಾಲೆ ನಡೆಸುವ ಉಡುಪರ ಮಗಳು. ಊರಿನ ಶಾಲೆಯ ಮೇಷ್ಟರಿಂದ ಬಸುರಾಗಿದ್ದಾಳೆ, ತಂದೆ ಊರಲ್ಲಿಲ್ಲ. ಶ್ರಾದ್ಧದ ಘಟ, ಅಂದರೆ ಕೊಡ, ಒಡೆಯುವುದಕ್ಕೆ ಬಹಳ ಮೊದಲೇ ಅವಳ ಸಾವು ಶುರುವಾಗಿರುತ್ತದೆ. ಪಿಸುಮಾತು, ಕೊಂಕುನುಡಿ, ಪಾಠಶಾಲೆಯ ದೊಡ್ಡ ಹುಡುಗರ ಕುಹಕ ಅವಳನ್ನು ದಿನದಿನಕ್ಕೂ ಕುಗ್ಗಿಸುತ್ತವೆ. ಊರಿನ ಬಾಯಲ್ಲಿ ಅವಳು ಉಡುಪರ ಮಗಳಾಗಿ ಉಳಿಯುವುದಿಲ್ಲ, ಬರೀ ಒಂದು ಕಳಂಕವಾಗುತ್ತಾಳೆ. ಕೊನೆಗೆ ಅವಳಿಗೂ ಹಾಗೇ ಅನ್ನಿಸಿರಬೇಕು. ಸಾಯಲೆಂದು ಹಾವಿನ ಹುತ್ತದೊಳಗೆ ಕೈ ಇಡುತ್ತಾಳೆ. ಹೊರಗಿನವರ ಮಾತು ಒಳಗಿಳಿದು ಅವಳದೇ ತೀರ್ಪಾಗಿಬಿಡುವ ಗಳಿಗೆ ಅದು. ಬಹಿಷ್ಕಾರದ ನಿಜವಾದ ಕ್ರೌರ್ಯ ಇರುವುದೇ ಇಲ್ಲಿ.

ಅವಳನ್ನು ಇನ್ನೂ ‘ಯಮುನಕ್ಕ’ ಎಂದು ಕರೆಯುವವನು ಪಾಠಶಾಲೆಯ ಪುಟ್ಟ ಹುಡುಗ ನಾಣಿ ಒಬ್ಬನೇ. ದೊಡ್ಡ ಹುಡುಗರ ಕಾಟ ಅವನಿಗೂ ತಪ್ಪಿದ್ದಲ್ಲ. ಅವನ ಆ ಒಂದು ಕರೆಯಲ್ಲಿ ಯಮುನಾ ಮತ್ತೆ ಮನುಷ್ಯಳಾಗುತ್ತಾಳೆ.

ಯಮುನಾಳ ಬಹಿಷ್ಕಾರ ಶಾಸ್ತ್ರದ ಅಪ್ಪಣೆ ಎಂದು ಊರು ನಂಬಿದೆ. ಹಾಗಾದರೆ ಶಾಸ್ತ್ರವನ್ನೇ ತೆರೆದು ನೋಡಬೇಕು. ಪತಿತರಾದವರನ್ನು ಬದುಕಿರುವಾಗಲೇ ಸತ್ತವರೆಂದು ಭಾವಿಸಿ, ನೀರು ತುಂಬಿದ ಕೊಡವನ್ನು ಒದ್ದು ಉರುಳಿಸುವ ವಿಧಿ ಮನುಸ್ಮೃತಿಯ 11ನೇ ಅಧ್ಯಾಯದಲ್ಲಿದೆ. ಅದು ನಿರ್ದಯವಾದ ವಿಧಿ, ಅದಕ್ಕೆ ಸಮರ್ಥನೆ ಬೇಕಿಲ್ಲ. ಆದರೆ ಅದೇ ಅಧ್ಯಾಯ ಮುಂದುವರಿದು, ಪ್ರಾಯಶ್ಚಿತ್ತ ಮಾಡಿಕೊಂಡವರ ಜೊತೆ ಬಂಧುಗಳು ಮಿಂದು, ಹೊಸ ಕೊಡವನ್ನು ನೀರಿಗೆ ಬಿಟ್ಟು, ಅವರನ್ನು ಮರಳಿ ಸೇರಿಸಿಕೊಳ್ಳಬೇಕು ಎನ್ನುತ್ತದೆ. ಪತಿತಳಾದ ಹೆಣ್ಣಿಗೂ ಅನ್ನ, ನೀರು, ಬಟ್ಟೆ ಕೊಡಬೇಕು, ಮನೆಯ ಹತ್ತಿರವೇ ಇರಗೊಡಬೇಕು ಎಂದೂ ಹೇಳುತ್ತದೆ.

ಕೊಡ ಒಡೆಯುವ ವಿಧಿ ಊರಿಗೆ ನೆನಪಿದೆ, ಮರಳಿ ಕರೆದುಕೊಳ್ಳುವ ವಿಧಿ ಯಾರಿಗೂ ನೆನಪಾಗುವುದಿಲ್ಲ. ಮರೆತದ್ದು ಅಜ್ಞಾನದಿಂದಲ್ಲ, ಉಡುಪರು ವೇದ ಕಲಿಸುವವರು. ಯಮುನಾ ಬೀದಿಗೆ ಬಿದ್ದ ಮೇಲೆ ಅದೇ ಉಡುಪರು, ಆ ವಯಸ್ಸಿನಲ್ಲಿ, ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾರೆ. ಅವರನ್ನು ಪತಿತರೆಂದು ಕರೆಯಲು ಊರಿನ ಯಾರೊಬ್ಬರ ನಾಲಿಗೆಯೂ ಹೊರಳುವುದಿಲ್ಲ.