ಕೃತಜ್ಞತೆ: ಋಣವೋ, ಅರಿವೋ?



'ಕೃತಜ್ಞ' ಎಂಬ ಪದವನ್ನು ಬಿಡಿಸಿ ನೋಡಿದರೆ 'ಮಾಡಿದ್ದನ್ನು ಬಲ್ಲವನು' ಎಂದರ್ಥವಾಗುತ್ತದೆ. ಅದಕ್ಕೆ ವಿರುದ್ಧವಾದ 'ಕೃತಘ್ನ' ಎಂಬುದಕ್ಕೆ 'ಮಾಡಿದ್ದನ್ನು ಕೊಂದವನು' ಎಂದರ್ಥ. ಒಂದು ಪದದಲ್ಲಿ ಅರಿವಿದೆ, ಇನ್ನೊಂದರಲ್ಲಿ ಕೊಲೆಯಿದೆ; ಸಾಲ ತೀರಿಸುವ ಮಾತು ಎರಡರಲ್ಲಿಯೂ ಇಲ್ಲ. ಆದರೂ ನಿತ್ಯಜೀವನದಲ್ಲಿ ನಾವು ಕೃತಜ್ಞತೆಯನ್ನು ಸಾಲದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ. ಉಪಕಾರ ಪಡೆದವನು ಸಾಲಗಾರ, ಮಾಡಿದವನು ಸಾಹುಕಾರ ಎಂಬ ಭಾವನೆ ಬೇರೂರಿದೆ. ಇದು ಸರಿಯೇ ಎಂಬುದನ್ನು ವಿಚಾರ ಮಾಡೋಣ.

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿ ಶಿವಗಂಗೆಯ ಬೆಟ್ಟದ ಆಶ್ರಯದಲ್ಲಿರುವ ರಾಗಿಯ ಸೀಮೆ. ಇಂತಹ ಸೀಮೆಯ ಹಿಂದಿನ ಕಾಲದ ಕಣವನ್ನು ನೆನಪಿಗೆ ತಂದುಕೊಳ್ಳಿರಿ. ತೆನೆಯನ್ನು ಹರವಿ, ರೋಣಗಲ್ಲು ಹೊಡೆದು, ತೂರಿ ರಾಶಿ ಮಾಡಿದ ಮೇಲೆ ರೈತನು ಅದನ್ನು ಕೂಡಲೇ ಮನೆಗೆ ಸಾಗಿಸುತ್ತಿರಲಿಲ್ಲ. ಮೊದಲು ರಾಶಿಪೂಜೆ. ಅನಂತರ ನೇಗಿಲು ಮಾಡಿಕೊಟ್ಟ ಬಡಗಿಗೆ, ಕುಳ ತಟ್ಟಿಕೊಟ್ಟ ಕಮ್ಮಾರನಿಗೆ, ಕುಂಬಾರನಿಗೆ, ಕೆರೆಯ ನೀರುಗಂಟಿಗೆ ಆಯ ಅಳೆದು ಕೊಡುವುದು. 'ಇದು ನನ್ನ ಬೆಳೆ' ಎನ್ನುವುದಕ್ಕೆ ಮೊದಲು 'ಇದು ಯಾರಾರ ಕೈಗಳಿಂದ ಬಂದಿತು' ಎಂಬುದನ್ನು ಎಲ್ಲರ ಎದುರಿಗೆ ಒಪ್ಪಿಕೊಳ್ಳುವ ಕ್ರಮವದು. ಆಯವು ದಾನವಲ್ಲ, ದುಡಿದವರ ಹಕ್ಕು. ಹಕ್ಕಾದುದನ್ನೂ ಪೂಜೆಯ ಜೊತೆಗಿರಿಸಿ ಕೊಟ್ಟುದರಲ್ಲಿ ಅರಿವಿತ್ತು.

ಆದರೆ ನಮ್ಮ ನಾಡಿನ ಎಷ್ಟೋ ಕಣಗಳ ಅಂಚಿನಲ್ಲಿ ಇನ್ನೊಬ್ಬನೂ ನಿಂತಿರುತ್ತಿದ್ದನು. ಮದುವೆಗೋ ಮಳೆ ಹೋದ ವರ್ಷಕ್ಕೋ ತಂದೆ ತಂದ ಸಾಲಕ್ಕಾಗಿ ಮಗನು ಜೀತಕ್ಕಿದ್ದನು. ಉತ್ತವನು ಅವನು, ಬಿತ್ತಿದವನು ಅವನು, ಕೊಯ್ದವನು ಅವನು. ಆದರೂ 'ನಮ್ಮ ಅನ್ನ ಉಂಡವನು' ಎಂಬ ಮಾತು ಅವನ ಕಾಲಿಗೆ ಸಂಕೋಲೆಯಾಗಿತ್ತು. ಯಾರು ಯಾರ ಅನ್ನವನ್ನು ಉಂಡರು? 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆಯು ಅಂತಹ ಸಾಲಗಳನ್ನು ರದ್ದುಪಡಿಸಿತು. ಆದರೆ 'ಅನ್ನದ ಋಣ' ಎಂಬ ಮಾತಿನಲ್ಲಿ ಅಡಗಿರುವ ಬಲಾತ್ಕಾರವನ್ನು ಕಾನೂನು ಅಳಿಸಲಾರದು. ತಮ್ಮನನ್ನು ಓದಿಸಿದ ಅಣ್ಣನು ಆಸ್ತಿ ಪಾಲಾಗುವ ದಿನ ಅದನ್ನು ಎತ್ತಿ ಆಡುತ್ತಾನೆ. ಕೆಲಸ ಕೊಡಿಸಿದವನು ಚುನಾವಣೆಯಲ್ಲಿ ಮತ ಕೇಳುತ್ತಾನೆ. ಅನ್ನವಿಕ್ಕಿ ವಿದ್ಯೆ ಕಲಿಸುವ ಮಠಗಳೂ ಈ ಎಚ್ಚರಿಕೆಗೆ ಹೊರತಲ್ಲ. ಕೃತಜ್ಞತೆಯನ್ನು ಬೇಡಿ ಪಡೆಯುವವನು ತಾನು ಮಾಡಿದ ಉಪಕಾರವನ್ನು ತಾನೇ ಮಾರಿಕೊಳ್ಳುತ್ತಾನೆ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಮಹಾಮನಸ್ಕನನ್ನು ವರ್ಣಿಸುತ್ತಾ, ಅವನು ಉಪಕಾರ ಪಡೆಯಲು ನಾಚುತ್ತಾನೆ, ತಾನು ಮಾಡಿದ್ದನ್ನು ನೆನಪಿಟ್ಟುಕೊಂಡು ಪಡೆದದ್ದನ್ನು ಮರೆಯುತ್ತಾನೆ ಎಂಬ ಅಭಿಪ್ರಾಯವನ್ನು ಕೊಟ್ಟಿದ್ದಾನೆ. ಪಡೆಯುವವನು ಕೆಳಗಿನವನು ಎಂದು ಭಾವಿಸಿದ ಸಮಾಜದ ಮಾತಿದು. ಶರಣರ ದೃಷ್ಟಿ ಇದಕ್ಕೆ ತೀರ ವಿರುದ್ಧವಾದುದು. ಮಾಡಿದೆನೆಂಬ ಭಾವನೆ ಮನಸ್ಸಿನಲ್ಲಿ ಸುಳಿದರೆ ಮಾಡಿದ್ದೆಲ್ಲವೂ ಕೆಡುತ್ತದೆಂದು ಬಸವಣ್ಣನವರು ಎಚ್ಚರಿಸಿದರು. ದಾಸೋಹವೆಂಬ ಪದವೇ 'ನಾನು ದಾಸ' ಎಂದು ಹೇಳುತ್ತದೆ. ಇಲ್ಲಿ ನೀಡುವವನೇ ಬಾಗುತ್ತಾನೆ. ಕೊಟ್ಟವನು ಮರೆಯಬೇಕು, ಪಡೆದವನು ನೆನೆಯಬೇಕು. ಈ ಎರಡೂ ಕೂಡಿದಲ್ಲಿ ಅನ್ನವು ಪ್ರಸಾದವಾಗುತ್ತದೆ. ಕೊಟ್ಟವನು ನೆನೆದು ಪಡೆದವನು ಮರೆತಲ್ಲಿ ಅದೇ ಅನ್ನವು ವಿಷವಾಗುತ್ತದೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, 1941ರಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಅಧ್ಯಕ್ಷರಾದ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೂ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಹಳ್ಳಿಹಳ್ಳಿಗೂ ಭಿಕ್ಷೆಗೆ ಹೋಗಿ ಧಾನ್ಯ ತಂದರು. ಪಂಕ್ತಿಯಲ್ಲಿ ಕುಳಿತ ಹುಡುಗನ ತಟ್ಟೆಯ ಮುದ್ದೆ ಯಾವ ಊರಿನ ಯಾವ ಹೊಲದ ರಾಗಿಯೆಂಬುದು ಅವನಿಗೆ ಗೊತ್ತಿರಲಿಲ್ಲ. ಕೊಟ್ಟ ರೈತನಿಗೂ ಉಂಡ ಹುಡುಗನ ಹೆಸರು ಗೊತ್ತಿರಲಿಲ್ಲ. ಹೀಗಿರುವಾಗ ಋಣ ತೀರಿಸುವುದು ಯಾರಿಗೆ? ಹಿಂದಕ್ಕೆ ತೀರಿಸಲು ದಾರಿಯೇ ಇಲ್ಲ. ಮುಂದಕ್ಕೆ ಸಾಗಿಸುವುದೊಂದೇ ದಾರಿ. ಹೀಗೆ ಉಂಡು ಬೆಳೆದು ಇಂದು ಶಿಕ್ಷಕರೋ ವೈದ್ಯರೋ ಅಧಿಕಾರಿಗಳೋ ಆಗಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ಕಾಣಿಕೆ ಸಲ್ಲಿಸುವುದು ಒಳ್ಳೆಯದೇ. ಆದರೆ ನಿಮ್ಮ ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತ ಬಡವನ ಕೆಲಸವನ್ನು ಲಂಚವಿಲ್ಲದೆ ಮಾಡಿಕೊಡುವುದು ಅದಕ್ಕಿಂತ ದೊಡ್ಡ ಕಾಣಿಕೆ.

'ಎಲ್ಲಕ್ಕೂ ಹಣ ಕೊಡುತ್ತೇವಲ್ಲ, ಇನ್ನು ಕೃತಜ್ಞತೆ ಏತಕ್ಕೆ?' ಎಂದು ಕೇಳುವವರಿದ್ದಾರೆ. ಇಂದು ಸೋಂಪುರದ ಸುತ್ತ ಕೈಗಾರಿಕೆಗಳು ಬಂದಿವೆ, ಹೊಲವಿದ್ದಲ್ಲಿ ಕಾರ್ಖಾನೆಗಳೆದ್ದಿವೆ, ಒಕ್ಕಣೆಯನ್ನು ಯಂತ್ರ ಮಾಡುತ್ತದೆ. ಕಣವೂ ಇಲ್ಲ, ಆಯವೂ ಇಲ್ಲ, ಕೂಲಿಯಿದೆ, ರಸೀದಿಯಿದೆ. ಕೂಲಿಯನ್ನು ಕಾಲಕ್ಕೆ ಸರಿಯಾಗಿ, ಪೂರ್ತಿಯಾಗಿ ಕೊಡುವುದೇ ಮೊದಲನೆಯ ಧರ್ಮ. ಅದನ್ನು ಕೊಡದೆ ಆಡುವ ಸವಿಮಾತು ವಂಚನೆ. ಆದರೆ ಹಣವು ಬೆಲೆಯನ್ನು ತೀರಿಸುತ್ತದೆಯೇ ಹೊರತು ಅರಿವನ್ನು ಕೊಡುವುದಿಲ್ಲ. ರಾತ್ರಿಯೆಲ್ಲ ಎದ್ದಿದ್ದು ರೋಗಿಯನ್ನು ನೋಡಿಕೊಂಡ ದಾದಿಗೆ, ಬೆಳಗಿನ ಜಾವ ಬೀದಿ ಗುಡಿಸುವ ತಾಯಿಗೆ ಸಂಬಳ ಸಂದಿರಬಹುದು. ಅವರ ಹೆಸರಾದರೂ ನಮಗೆ ಗೊತ್ತಿದೆಯೇ?

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ಹಿರಿಯರು ಹೇಳಿದರು. ನೆನೆ ಎಂದರು, ಅಡಿಯಾಳಾಗು ಎನ್ನಲಿಲ್ಲ. ಆದುದರಿಂದ ಪ್ರಸಾದಕ್ಕೆ ಕುಳಿತಾಗ ಒಂದು ಕ್ಷಣ, ಈ ತುತ್ತು ಯಾರ ಯಾರ ಕೈಗಳನ್ನು ಹಾದು ಬಂದಿತೆಂದು ನೆನೆಯಿರಿ. ಮನೆಯಲ್ಲಿ ಬಡಿಸಿದವರು ಉಂಡರೇ ಎಂದು ಕೇಳಿರಿ. ನೀವು ಯಾರಿಗಾದರೂ ಮಾಡಿದ ಉಪಕಾರ ನೆನಪಾದರೆ, ಅದನ್ನು ನಾಲಗೆಯ ತನಕ ಬರಗೊಡದಿರಿ. ನಿಮ್ಮ ನಿತ್ಯದ ಕಾಯಕವು ಇಂತಹ ಅರಿವಿನಿಂದ ಬೆಳಗಲಿ ಎಂದು ಹಾರೈಸುತ್ತೇವೆ.