ಬೇಟೆಗಾರನಿಗೂ ಅಭಯ

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜಕ್ಕೆ ಬೇಟೆಯ ವಿಷಯದಲ್ಲಿ ಸಂದೇಹವಿಲ್ಲ. ಸಪ್ತವ್ಯಸನಗಳಲ್ಲಿ ಅದೂ ಒಂದು. ಕೃಷಿ, ವ್ಯಾಪಾರ, ಅಡುಗೆಗಳಲ್ಲಿ ಗೃಹಸ್ಥನಿಂದ ಅನಿವಾರ್ಯವಾಗಿ ಹಿಂಸೆ ಘಟಿಸುತ್ತದೆ. ಬೇಟೆಯಾದರೋ ಕೊಲ್ಲುವ ಸಂಕಲ್ಪದಿಂದಲೇ ಹೊರಡುವ ಹಿಂಸೆ. ಇಷ್ಟು ಸ್ಪಷ್ಟ. ಆದರೆ ಆ ಬೇಟೆಗಾರನೇ ಕುದುರೆಯಿಂದ ಬಿದ್ದು ಪ್ರಾಣ ಬಿಟ್ಟಾಗ ಅಹಿಂಸಾವ್ರತಿಯ ಮನಸ್ಸು ಹೇಗಿರಬೇಕು? ಈ ಪ್ರಶ್ನೆ ಅಷ್ಟು ಸುಲಭವಲ್ಲ.

ಕೊಲ್ಲಾಪುರದ ಛತ್ರಪತಿ ಶಾಹು ಮಹಾರಾಜರ ಕಿರಿಯ ಪುತ್ರ ರಾಜಕುಮಾರ ಶಿವಾಜಿ 1918ರ ಜೂನ್ ತಿಂಗಳಲ್ಲಿ ಕಾಡುಹಂದಿಯನ್ನು ಬೆನ್ನಟ್ಟುತ್ತಿದ್ದಾಗ ಕುದುರೆಯಿಂದ ಬಿದ್ದು ಮರಣ ಹೊಂದಿದನು. ವಯಸ್ಸು ಇಪ್ಪತ್ತು ತುಂಬಿರಲಿಲ್ಲ. ವಿವಾಹವಾಗಿ ಒಂದು ವರ್ಷವಷ್ಟೇ ಕಳೆದಿತ್ತು. ಪತ್ನಿ ಇಂದುಮತಿ ಇನ್ನೂ ಹನ್ನೆರಡು ತುಂಬದ ಬಾಲೆ. ಶಾಹು ಮಹಾರಾಜರು ಸ್ವತಃ ಬೇಟೆಯಲ್ಲಿ ಅತ್ಯಾಸಕ್ತರು. ಬಡ ವಿದ್ಯಾರ್ಥಿಗಳಿಗಾಗಿ ಹಲವು ಸಮಾಜಗಳ ವಸತಿಗೃಹಗಳಿಗೆ ಆಶ್ರಯ ನೀಡಿದವರೂ ಅವರೇ. 1901ರಲ್ಲಿ ಆರಂಭವಾದ ದಿಗಂಬರ ಜೈನ ಬೋರ್ಡಿಂಗ್ ಅವುಗಳಲ್ಲಿ ಒಂದು.

ಇಂತಹ ಸುದ್ದಿ ಕಿವಿಗೆ ಬಿದ್ದೊಡನೆ ನಾಲಗೆಯ ತುದಿಗೆ ಬರುವ ಮಾತೊಂದಿದೆ. ಕನ್ನಡದವರು ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುತ್ತಾರೆ. ಮರಾಠಿಯವರು ‘ಕರಾವೇ ತಸೇ ಭರಾವೇ’ ಎನ್ನುತ್ತಾರೆ. ಹಿಂದಿಯವರು ‘ಜೈಸೀ ಕರನೀ ವೈಸೀ ಭರನೀ’ ಎನ್ನುತ್ತಾರೆ. ಭಾಷೆ ಬೇರೆ, ತೀರ್ಪು ಒಂದೇ. ಈ ತೀರ್ಪು ಕರ್ಮಸಿದ್ಧಾಂತವೇ ಎಂದು ಅನೇಕರು ತಿಳಿದಿದ್ದಾರೆ. ವಿಚಾರಿಸಿ ನೋಡಿದರೆ ಹಾಗಲ್ಲ.

ಜೈನ ದರ್ಶನದಲ್ಲಿ ಶಿಕ್ಷೆ ವಿಧಿಸುವ ಈಶ್ವರನಿಲ್ಲ. ಜೀವವು ತನ್ನ ಭಾವಕ್ಕನುಗುಣವಾಗಿ ಕರ್ಮವನ್ನು ಬಂಧಿಸಿಕೊಳ್ಳುತ್ತದೆ. ಬಂಧಕ್ಕೂ ಉದಯಕ್ಕೂ ನಡುವೆ ಅಬಾಧಾಕಾಲವಿದೆ. ಇಂದು ಬಿತ್ತಿದ್ದು ಇಂದೇ ಫಲಿಸಬೇಕೆಂಬ ನಿಯಮವಿಲ್ಲ. ಯಾವ ಕರ್ಮ ಯಾವ ಕ್ಷಣದಲ್ಲಿ ಉದಯಕ್ಕೆ ಬಂದಿತೆಂಬುದನ್ನು ಪೂರ್ಣವಾಗಿ ಬಲ್ಲವರು ಕೇವಲಜ್ಞಾನಿಗಳು ಮಾತ್ರ. ಒಬ್ಬನ ಪತನಕ್ಕೆ ಕಾರಣ ಇದೇ ಎಂದು ಮನೆಯ ಜಗಲಿಯಲ್ಲಿ ಕುಳಿತು ನಿರ್ಣಯಿಸುವವನು ತನಗಿಲ್ಲದ ಜ್ಞಾನವನ್ನು ತನ್ನದೆಂದು ಹೇಳಿಕೊಂಡಂತೆ. ಎಷ್ಟೋ ಬೇಟೆಗಾರರು ಒಂದು ತರಚು ಗಾಯವೂ ಇಲ್ಲದೆ ಮುಪ್ಪಿನವರೆಗೆ ಬಾಳಿದರು. ಅವರೆಲ್ಲ ನಿರ್ದೋಷಿಗಳೆಂದು ಯಾರೂ ಹೇಳುವುದಿಲ್ಲ.

ಇನ್ನೊಂದು ಅಪಾಯವುಂಟು. ಶಾಸ್ತ್ರವು ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಹಿಂಸಾನಂದವನ್ನು ಮೊದಲು ಹೇಳಿದೆ. ಪರರ ನೋವಿನಲ್ಲಿ ಸಂತೋಷಪಡುವುದೇ ಹಿಂಸಾನಂದ. ಹಂದಿಯ ಸಾವಿನಲ್ಲಿ ಸಂತೋಷಿಸುವವನಿಗೂ ಬೇಟೆಗಾರನ ಸಾವಿನಲ್ಲಿ ಸಂತೋಷಿಸುವವನಿಗೂ ಆಗ ಅಂತರವೆಷ್ಟು? ಓಡುತ್ತಿದ್ದ ಹಂದಿಗೂ ಪ್ರಾಣಭಯವಿತ್ತು; ನೆಲಕ್ಕುರುಳಿದ ಯುವಕನಿಗೂ ಪ್ರಾಣ ಪ್ರಿಯವಾಗಿತ್ತು. ಎರಡನ್ನೂ ಕಾಣದ ಕರುಣೆ ಅರ್ಧ ಕರುಣೆ.

ಹಾಗಾದರೆ ಬೇಟೆಯನ್ನು ಕ್ಷಮಿಸಿಬಿಡಬೇಕೇ ಎಂದು ಕೇಳಬಹುದು. ಇದಕ್ಕೆ ಉತ್ತರಾಧ್ಯಯನ ಸೂತ್ರದ ಸಂಜಯ ರಾಜನ ಕಥೆಯಲ್ಲಿ ಉತ್ತರವಿದೆ. ಕಾಂಪಿಲ್ಯದ ಈ ಅರಸನು ಕುದುರೆಯೇರಿ ಜಿಂಕೆಗಳನ್ನು ಬೆನ್ನಟ್ಟಿ ಕೊಂದನು. ಸತ್ತ ಜಿಂಕೆಯ ಸಮೀಪದಲ್ಲೇ ಧ್ಯಾನಸ್ಥರಾದ ಗರ್ದಭಾಲಿ ಮುನಿಗಳನ್ನು ಕಂಡು ನಡುಗಿ, ಕುದುರೆಯಿಂದಿಳಿದು ಪಾದಕ್ಕೆರಗಿದನು. ಮುನಿಗಳು ಶಪಿಸಲಿಲ್ಲ. ಮೊದಲು ಅರಸನಿಗೇ ಅಭಯವನ್ನಿತ್ತರು. ಅನಂತರ, ನೀನೂ ಜೀವಿಗಳಿಗೆ ಅಭಯ ನೀಡುವವನಾಗು ಎಂದರು. ಅರಸನು ರಾಜ್ಯವನ್ನು ತ್ಯಜಿಸಿ ದೀಕ್ಷೆ ಪಡೆದನು. ಬೇಟೆ ತಪ್ಪೆಂಬುದನ್ನು ಮುನಿಗಳು ಮರೆಮಾಚಲಿಲ್ಲ. ಆದರೆ ಭಯಗೊಂಡವನು ಬೇಟೆಗಾರನಾದರೂ ಅವನಿಗೆ ಅಭಯ ಸಲ್ಲಬೇಕೆಂದು ತೋರಿಸಿದರು. ಅಭಯ ದೊರೆತ ಮನಸ್ಸು ಮಾತ್ರ ತನ್ನ ತಪ್ಪನ್ನು ನೆಟ್ಟಗೆ ನೋಡಬಲ್ಲದು.

ಕೊಲ್ಲಾಪುರದ ಅರಮನೆಯಲ್ಲಿ ಆ ಪತನದ ಭಾರ ಉಳಿದದ್ದು ಬೇಟೆಗೆ ಹೋಗದ ಬಾಲವಿಧವೆಯ ಮೇಲೆ. ಅಂದಿನ ಸಮಾಜ ಅವಳನ್ನು ಮೂಲೆಗೆ ತಳ್ಳುತ್ತಿತ್ತು. ಶಾಹು ಮಹಾರಾಜರು ಹಾಗಾಗಲು ಬಿಡಲಿಲ್ಲ. ವಿರೋಧಗಳನ್ನು ಲೆಕ್ಕಿಸದೆ ಸೋನತಳಿಯಲ್ಲಿ ಸೊಸೆಯ ವಿದ್ಯಾಭ್ಯಾಸಕ್ಕೆ ಏರ್ಪಾಡು ಮಾಡಿದರು. ಪುತ್ರಶೋಕದ ನಡುವೆಯೂ ಅವರಿಂದ ಸಂದ ಅಭಯವದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅರಸರ ಬೇಟೆಯ ಕಾಲ ಮುಗಿಯಿತು. ಬಿದ್ದವರನ್ನು ಕುರಿತ ತೀರ್ಪು ಮಾತ್ರ ಮುಗಿದಿಲ್ಲ. ವಿಜಾಪುರ ರಸ್ತೆಯಲ್ಲಿ ಮೋಟಾರ್ ಸೈಕಲ್‌ನಿಂದ ಬಿದ್ದ ಮಗನ ತಾಯಿಗೆ, ವ್ಯಾಪಾರದಲ್ಲಿ ನಷ್ಟ ಹೊಂದಿದ ಸಹೋದರನಿಗೆ, ಅಂಗವಿಕಲ ಶಿಶುವಿನ ತಂದೆಗೆ ‘ಪೂರ್ವಕರ್ಮ’ ಎಂಬ ಮಾತು ಇಂದಿಗೂ ಸಾಂತ್ವನದ ವೇಷದಲ್ಲಿ ತಲುಪುತ್ತಿದೆ. ಕರ್ಮವಿಪಾಕದ ಚಿಂತನೆ ಧರ್ಮಧ್ಯಾನವೇ ಹೌದು. ಆದರೆ ಅದು ತನ್ನ ಆತ್ಮವನ್ನು ತಿದ್ದಿಕೊಳ್ಳಲು ಇರುವ ಕನ್ನಡಿ, ನೊಂದವರ ಮುಂದೆ ಹಿಡಿಯುವ ದೀವಟಿಗೆಯಲ್ಲ. ಬಿದ್ದವರ ಮನೆಗೆ ಹೋಗುವ ಶ್ರಾವಕನು ಕಾರಣವನ್ನು ಹೊತ್ತೊಯ್ಯದೆ ಅಭಯವನ್ನು ಹೊತ್ತೊಯ್ಯಲಿ. ದಾನಗಳಲ್ಲಿ ಅಭಯದಾನಕ್ಕೆ ಹಣ ಬೇಕಿಲ್ಲ. ತೀರ್ಪನ್ನು ನುಂಗಿಕೊಳ್ಳುವ ಸಂಯಮವೊಂದು ಸಾಕು.